ಚಿಗವ್ವ ಸುಮ್ಮನೆ ನಿಂತ ದೃಶ್ಯ

ಹೋದ ವಾರ ಧ್ವನಿ ಸಾಮಾನಿನ ಪೆಟ್ಟಿಗೆ ತೆರೆದಾಗ ಕೊಬ್ಬರಿ ಎಣ್ಣೆಯ ವಾಸನೆ ಬಂತು. ವೈರು, ಬ್ಯಾಟರಿ, ಕಪ್ಪು ಟೇಪು ಇರುವ ಪೆಟ್ಟಿಗೆಯಲ್ಲಿ ಆ ವಾಸನೆಗೆ ಏನು ಕೆಲಸ ಎಂದು ಒಂದೊಂದೇ ತೆಗೆದು ಹೊರಗಿಟ್ಟೆ. ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಕಿವಿಗೆ ಹಾಕುವ ಪುಟ್ಟ ವೈರ್‌ಲೆಸ್ ಇಯರ್‌ಫೋನ್ ಸಿಕ್ಕಿತು. ಜೋಡಿಯಲ್ಲ, ಒಂದೇ. ಅದರ ರಬ್ಬರಿನ ತುದಿಗೆ ಯಾರೋ ಬಿಳಿ ನೂಲನ್ನು ಒತ್ತೊತ್ತಾಗಿ ಸುತ್ತಿದ್ದರು. ನೂಲಿನ ಮೇಲೆ ಮುಖಕ್ಕೆ ಹಚ್ಚುವ ಬಣ್ಣದ ಗುಲಾಬಿ ಕಲೆ. ಯಾರೋ ಅಂದೆ. ಯಾರೆಂದು ನನಗೆ ಗೊತ್ತು. ಅದು ಕಳೆದುಹೋಗಿದೆ ಎಂದು ನಾನು ತಿಳಿದಿದ್ದೆ... ಅಥವಾ ಹಾಗೆ ತಿಳಿದುಕೊಂಡಿರುವುದು ನನಗೆ ಅನುಕೂಲವಾಗಿತ್ತೋ ಏನೋ.

ಅದನ್ನು ಹಾಕಿಕೊಳ್ಳುತ್ತಿದ್ದವಳು ಗಂಗಾವತಿಯಲ್ಲಿ ನಮ್ಮ ಎದುರು ಮನೆಯ ಚಿಗವ್ವ. ಸಂಬಂಧಿಕಳಲ್ಲ. ಓಣಿಯ ಹುಡುಗಿಯರೆಲ್ಲ ಹಾಗೆ ಕರೆಯುತ್ತಿದ್ದೆವು. ಊರೂರಿನ ನಾಟಕಗಳಲ್ಲಿ ಆಕೆ ನಾಯಕಿಯಾಗುತ್ತಿದ್ದಳು. ನಮ್ಮ ಕಡೆ ಹಳ್ಳಿಯ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡಿ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ನಟಿ ಬರುವುದು ನಾಟಕದ ದಿನವೇ. ಅಲ್ಲಿಯ ತನಕ ಆಕೆಯ ಮಾತುಗಳನ್ನು ಹಾರ್ಮೋನಿಯಂ ಪೇಟಿ ನುಡಿಸುವ ಮಾಸ್ತರರೇ ಓದಿ ತಾಲೀಮು ನಡೆಸಿರುತ್ತಾರೆ. ಊರಿಗೊಂದು ನಾಟಕ, ಬಾಯಿಪಾಠ ಮಾಡಲು ಹೊತ್ತೆಲ್ಲಿ? ಪಕ್ಕದ ಪರದೆಯ ಮರೆಯಲ್ಲಿ ಮಾಸ್ತರರು ಪುಸ್ತಕ ಹಿಡಿದು ಸಣ್ಣ ದನಿಯಲ್ಲಿ ಹೇಳಿಕೊಡುತ್ತಾರೆ. ನಟಿ ಅದನ್ನು ಕೇಳುತ್ತ ಕೇಳುತ್ತಲೇ ತನ್ನ ಮಾತಾಗಿಸಿ ಆಡಬೇಕು. ಜನಕ್ಕೆ ಮಾಸ್ತರರ ದನಿ ಕೇಳಬಾರದು. ಅದು ಆ ಕೆಲಸದ ಮರ್ಯಾದೆ.

ಚಿಗವ್ವ ಮಧ್ಯಾಹ್ನದ ಬಸ್ಸಿಗೆ ಏರ್‌ಬ್ಯಾಗ್ ಹಿಡಿದು ಹೋಗುತ್ತಿದ್ದಳು. ನವಲಿ, ಬೇವೂರು, ಕುಷ್ಟಗಿಯ ಕಡೆಯ ಹಳ್ಳಿಗಳು. ಯಾವ ನಾಟಕ ಎಂದು ಕೇಳಿದರೆ ಆಕೆಗೂ ಗೊತ್ತಿರುತ್ತಿರಲಿಲ್ಲ. "ಹೋದ ಕೂಡ್ಲೆ ಮಾಸ್ತರಗ ಮೂರು ಕೇಳ್ತೀನಿ. ಎಲ್ಲಿ ಹಾಡೂದು, ಎಲ್ಲಿ ಅಳೂದು, ಎಲ್ಲಿ ಸಾಯೂದು. ಅಷ್ಟು ಗೊತ್ತಾದ್ರ ಸಾಕು, ನಡುವಿಂದು ತಾನ ಬರತೈತಿ" ಎನ್ನುತ್ತಿದ್ದಳು. ನನ್ನ ಅವ್ವ ಆಕೆಯ ಮನೆಗೆ ಹೆಚ್ಚು ಹೋಗಬೇಡ ಎಂದು ನನಗೆ ಹೇಳುತ್ತಿದ್ದಳು. ಹೋಳಿಗೆ ಮಾಡಿದಾಗ ಮಾತ್ರ ತಾಟು ಮುಚ್ಚಿ ನನ್ನ ಕೈಯಲ್ಲೇ ಕಳಿಸುತ್ತಿದ್ದಳು.

ನಾನು ಓದು ಮುಗಿಸಿ ಊರಿಗೆ ಮರಳುವ ಹೊತ್ತಿಗೆ ಚಿಗವ್ವನ ಕಿವಿ ಮಂದವಾಗಿತ್ತು. ಕಿವಿಯ ಮಿಷನ್ನು ತಂದಿದ್ದಳಂತೆ. ಲೌಡ್‌ಸ್ಪೀಕರಿನ ಸದ್ದಿಗೆ ಅದು ಕುಂಯ್ ಎಂದು ಕೂಗಿ ಏನನ್ನೂ ಕೇಳಗೊಡುತ್ತಿರಲಿಲ್ಲವಂತೆ. ಕೊನೆಯ ನಾಟಕ ಬೇವೂರಿನ ಆಚೆಯ ಒಂದು ಹಳ್ಳಿಯಲ್ಲಿ. ಮಾಸ್ತರರು ಸಣ್ಣಗೆ ಹೇಳಿದ್ದು ಈಕೆಗೆ ಕೇಳಲಿಲ್ಲ. ಅವರು ದನಿ ಏರಿಸಿದರು. ಇನ್ನೂ ಏರಿಸಿದರು. ಕಡೆಗೆ ನಾಯಕಿಯ ಮಾತು ಜನಕ್ಕೆ ಮೊದಲು ಮಾಸ್ತರರ ಗಡಸು ದನಿಯಲ್ಲಿ, ಆಮೇಲೆ ಚಿಗವ್ವನ ದನಿಯಲ್ಲಿ ಕೇಳತೊಡಗಿತು. "ಮಾಸ್ತರ, ನೀವ ಸೀರಿ ಉಟಗೊಂಡು ಬರ್ರಿ, ಆಕಿಗ್ಯಾಕ ತ್ರಾಸ ಕೊಡ್ತೀರಿ!" ಎಂದು ಯಾರೋ ಕೂಗಿದ. ಜನ ನಕ್ಕರು. ಆ ಸುದ್ದಿ ಆಕೆಗಿಂತ ಮೊದಲು ಊರೂರಿಗೆ ಹೋಯಿತು. ನಾಟಕಕ್ಕೆ ಕರೆಯುವ ಫೋನು ಬರುವುದು ನಿಂತಿತು.

ಆಗ ನಾನು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತ, ಬಿಡುವಿನಲ್ಲಿ ಒಂದು ಸಣ್ಣ ನಾಟಕ ತಂಡದ ಧ್ವನಿಯ ಕೆಲಸ ನೋಡುತ್ತಿದ್ದೆ. ನನಗೆ ನಾಟಕದ ಹುಚ್ಚೇನೂ ಇರಲಿಲ್ಲ. ಹಿಂದೆ ಕುಳಿತು, ಯಾರ ಕಣ್ಣಿಗೂ ಬೀಳದೆ, ಒಂದು ಕೆಲಸವನ್ನು ಸರಿಯಾಗಿ ಮಾಡಬಹುದು ಎಂಬುದು ಇಷ್ಟವಾಗಿತ್ತು. ನಿರ್ದೇಶಕ ಯಲಬುರ್ಗಾ ಕಡೆಯವನು, ನಾಟಕ ಶಾಲೆಯಲ್ಲಿ ಕಲಿತು ಬಂದವನು. ಬರೆದ ನಾಟಕ ಬೇಡ, ಕೂಡಿ ಕಟ್ಟೋಣ ಎನ್ನುತ್ತಿದ್ದ. ಶ್ರೀರಾಮನಗರದ ರಸ್ತೆಯಲ್ಲಿ ಮುಚ್ಚಿದ ಒಂದು ಅಕ್ಕಿ ಗಿರಣಿಯ ಗೋದಾಮು ನಮ್ಮ ತಾಲೀಮಿನ ಜಾಗ. ಏನೇನೋ ಮಾಡಿ ನೋಡಿದೆವು. ಭತ್ತದ ಹೊಟ್ಟನ್ನು ಗಾಳಿಗೆ ತೂರಿ, ಆ ಧೂಳಿನ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಬಿಟ್ಟೆವು. ಒಂದು ಕ್ಷಣ ಗಾಳಿಯಲ್ಲಿ ಒಂದು ಮುಖ ಮೂಡಿತು. ಆಮೇಲೆ ಎಲ್ಲರೂ ಸೀನುತ್ತ ಹೊರಗೆ ಓಡಿದೆವು.

ನಟರ ಕಿವಿಗೆ ದೂರದಿಂದ ಸೂಚನೆ ಕೊಡಲು ಇಯರ್‌ಫೋನ್ ಬಳಸುವುದು ಅಂಥದೇ ಇನ್ನೊಂದು ಪ್ರಯೋಗ. ಅದನ್ನು ಚಿಗವ್ವನಿಗೆ ಹೇಳಿದ್ದು ನಾನೇ, ಕಟ್ಟೆಯ ಮೇಲೆ ಕುಳಿತು, ಮಾತಿನ ನಡುವೆ ಮಾತು ಬಂತು ಅಂತ, ಜೋರು ದನಿಯಲ್ಲಿ. ಮರುದಿನ ಆಕೆ ಜರಿಯಂಚಿನ ಸೀರೆ ಉಟ್ಟು ಗೋದಾಮಿಗೆ ಬಂದಳು. "ಅದನ್ನ ನನ್ನ ಕಿವ್ಯಾಗ ಹಾಕಿ ನೋಡು" ಎಂದಳು.

ಇಯರ್‌ಫೋನಿಗೆ ಜೋಡಿಸಿದ ಒಂದು ಫೋನನ್ನು ಆಕೆಯ ಸೊಂಟಕ್ಕೆ ಸಿಕ್ಕಿಸಿ, ದನಿ ಪೂರ್ತಿ ಏರಿಸಿ, ನಾನು ಗೋದಾಮಿನ ಇನ್ನೊಂದು ತುದಿಗೆ ಹೋಗಿ ನನ್ನ ಫೋನಿನಿಂದ ಕರೆ ಮಾಡಿದೆ. ಓದಲು ಏನೂ ಇರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹಳೆಯ ದಿನಪತ್ರಿಕೆ ಎತ್ತಿಕೊಂಡು ಕಾಲುವೆಗೆ ನೀರು ಬಿಡುವ ಸುದ್ದಿ ಓದತೊಡಗಿದೆ. ಚಿಗವ್ವ ಎದೆಯ ಮೇಲೆ ಕೈಯಿಟ್ಟು, ಕಣ್ಣು ತುಂಬಿ, ಗಂಡ ಬಿಟ್ಟುಹೋದವಳ ದನಿಯಲ್ಲಿ ಹೇಳಿದಳು: "ರೈತರು... ನೀರನ್ನು... ಮಿತವಾಗಿ ಬಳಸಬೇಕೆಂದು..." ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಯ ಸಾಲಿಗೆ ಬರುವಾಗ ಯಾರೂ ನಗುತ್ತಿರಲಿಲ್ಲ.

"ಬಾವ್ಯಾಗ ಕಲ್ಲು ಒಗದಂಗ, ಒಂದೀಟು ತಡಾ ಮಾಡಿ ಕೇಳತೈತಿ" ಎಂದು ಇಯರ್‌ಫೋನ್ ತೆಗೆಯುತ್ತ ಹೇಳಿದಳು. "ಇರಲಿ, ರೂಢಿ ಆಗತೈತಿ." ಆಮೇಲೆ ನನ್ನ ಮುಂಗೈ ಹಿಡಿದು ಬದಿಗೆ ಕರೆದಳು. "ಆದ್ರ ನಿನ್ನ ದನಿ ಹೊರಗ ಹೋಗಬಾರದು ನೋಡು. ನನ್ನ ಕಿವಿಗೆ ಅಷ್ಟ. ಅದೊಂದು ಮಾಡಿದಿ ಅಂದ್ರ ನಾ ಇನ್ನೂ ಹತ್ತು ವರ್ಷ ಸ್ಟೇಜಿನ ಮ್ಯಾಲೆ ನಿಂದರ್ತೀನಿ."

ನಾನು ಆಗಲಿ ಎಂದೆ.

ತಾಲೀಮಿನ ಮೊದಲ ದಿನ ಆಕೆ ಕೇಳಿದ್ದು, ಪುಸ್ತಕ ಎಲ್ಲಿ ಎಂದು. ಪುಸ್ತಕ ಇಲ್ಲ, ಕೂಡಿ ಕಟ್ಟುವುದು ಎಂದ ನಿರ್ದೇಶಕ. "ಕಟ್ಟಿದ ಮ್ಯಾಲೆ ಕರೀಬೇಕ್ರೆಪಾ. ಅಡಿಪಾಯ ತೋಡೂ ದಿನ ಮನಿ ತುಂಬಸ್ಕೊಳ್ಳಾಕ ಕರದ್ರ ಎಲ್ಲಿ ಕುಂದ್ರಲಿ?" ಎಂದಳು. ಆದರೂ ಬಂದಳು, ದಿನವೂ ಬಂದಳು. ನಿರ್ದೇಶಕ ಕೇಳುತ್ತ ಹೋದ, ಆಕೆ ಹೇಳುತ್ತ ಹೋದಳು, ನಾನು ರೆಕಾರ್ಡ್ ಮಾಡುತ್ತ ಹೋದೆ. ಬಸ್ಸು ತಪ್ಪಿ ಟ್ರ್ಯಾಕ್ಟರಿನಲ್ಲಿ ಬಣ್ಣ ಹಚ್ಚಿಕೊಂಡೇ ಹೋದದ್ದು. ಸಾಯುವ ದೃಶ್ಯದಲ್ಲಿ ನಿದ್ದೆ ಹತ್ತಿದ್ದು. ಬೇವೂರಿನ ಆಚೆಯ ಆ ಹಳ್ಳಿ. ಆ ಮಾತುಗಳಿಂದಲೇ ನಾಟಕ ಆಯಿತು. ಒಬ್ಬ ಬಾಡಿಗೆ ನಾಯಕಿಯ ಕಥೆ.

ಹಾಗಾಗಿ ಆಕೆಯ ಕಿವಿಗೆ ನಾನು ಹೇಳಿಕೊಡುತ್ತಿದ್ದುದು ಆಕೆಯದೇ ಬದುಕು. ನಿರ್ದೇಶಕ ತಿದ್ದಿ, ಕತ್ತರಿಸಿ, ಹಿಂದುಮುಂದು ಮಾಡಿ ಜೋಡಿಸಿದ ಬದುಕು. ಒಮ್ಮೆ ತಾಲೀಮಿನ ನಡುವೆ ನಿಂತು, "ಇದು ಹಿಂಗ ಆಗಿದ್ದಿಲ್ಲ" ಎಂದಳು. ನೀವೇ ಹೀಗೆ ಹೇಳಿದ್ದೀರಿ, ರೆಕಾರ್ಡಿಂಗ್ ಇದೆ ಎಂದ ನಿರ್ದೇಶಕ. ಚಿಗವ್ವ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. "ಹೇಳಿರಬೇಕು ಬಿಡ್ರಿ. ಮುಂದ ಹೇಳವ್ವ" ಎಂದಳು.

ಬೇವೂರಿನ ಆಚೆಯ ಹಳ್ಳಿಯ ದೃಶ್ಯಕ್ಕೆ ಬಂದಾಗ ನಿರ್ದೇಶಕನಿಗೆ ಆ ಯೋಚನೆ ಹೊಳೆಯಿತು. ಅಲ್ಲಿ ಮಾಸ್ತರರ ದನಿ ಜನಕ್ಕೆ ಕೇಳಿತ್ತಲ್ಲ, ನಾವೂ ಆ ಒಂದು ದೃಶ್ಯದಲ್ಲಿ, ಹೇಳಿಕೊಡುವ ನನ್ನ ದನಿಯನ್ನು ಸ್ಪೀಕರಿಗೆ ಬಿಡುವುದು. ಅಲ್ಲಿಯ ತನಕ ಆಕೆಯ ಕಿವಿಯಲ್ಲಿ ಏನೋ ಇದೆಯೆಂದು ಜನಕ್ಕೆ ತಿಳಿದಿರುವುದಿಲ್ಲ. ಒಮ್ಮೆಲೇ ತಿಳಿಯುತ್ತದೆ. ಯೋಚನೆಯೇನೋ ಒಳ್ಳೆಯದೇ ಎಂದು ನನಗೆ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಚಿಗವ್ವ ನನ್ನ ಕೈ ಹಿಡಿದು ಹೇಳಿದ್ದನ್ನು ನಾನು ಆತನಿಗೆ ಹೇಳಿದೆ. ಆತ ಆಕೆಯನ್ನೇ ಕೂರಿಸಿ, ನಿಧಾನವಾಗಿ, ಎರಡೆರಡು ಸಲ ವಿವರಿಸಿದ. ಆಕೆ ಎಲ್ಲ ಕೇಳಿ, "ಎಷ್ಟೊತ್ತು?" ಎಂದಳು.

"ಆ ಒಂದು ಸೀನ್ ಅಷ್ಟ ಅಮ್ಮಾ."

"ಆತು ಬಿಡ್ರಿ."

ಆ "ಆತು ಬಿಡ್ರಿ" ಎಂಥದ್ದಾಗಿತ್ತು ಎಂದು ನಾನು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ದನಿ ಇಳಿದಿತ್ತೇ? ಇಲ್ಲ. ಮುಖ ಸಪ್ಪಗಾಗಿತ್ತೇ? ಸೀರೆಗೆ ಹತ್ತಿದ ಹೊಟ್ಟು ಕೊಡವುತ್ತಿದ್ದಳು, ಮುಖ ಕಾಣಲಿಲ್ಲ...

ಗೋದಾಮಿನಲ್ಲಿ ದೊಡ್ಡ ಸ್ಪೀಕರ್ ಇರಲಿಲ್ಲ. ಹಾಗಾಗಿ ಆ ದೃಶ್ಯವನ್ನು ನನ್ನ ದನಿ ಹೊರಗೆ ಬಿಟ್ಟು ತಾಲೀಮು ಮಾಡಲೇ ಇಲ್ಲ. ಕೊಪ್ಪಳದಲ್ಲಿ ಮೊದಲ ಪ್ರದರ್ಶನ. ನಾನು ಪರದೆಯ ಹಿಂದೆ, ಮುಂದೆ ಫೋನು, ಅದರ ಪಕ್ಕ ಮೈಕು. ಮೈಕಿನ ದನಿ ಹೊರಗೆ ಹೋಗಬೇಕಾದರೆ ದನಿ ಏರಿಳಿಸುವ ಮಿಕ್ಸರಿನ ಒಂದು ಗುಂಡಿ ಮೇಲೆ ತಳ್ಳಬೇಕು. ಅಲ್ಲಿ ನಿರ್ದೇಶಕನೇ ಕುಳಿತಿದ್ದ.

ಆ ದೃಶ್ಯದ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ನಾನು ಪಿಸುಗುಟ್ಟಿದ್ದು ಒಂದು ಉಸಿರಿನ ಅಂತರದಲ್ಲಿ ಆಕೆಯ ಬಾಯಿಂದ ಬರುತ್ತಿತ್ತು. ಜನ ನಗುವಲ್ಲಿ ನಗುತ್ತಿದ್ದರು. ಹಳ್ಳಿಯ ದೃಶ್ಯ ಬಂತು. ನಾಯಕನ ಪಾತ್ರದಲ್ಲಿ ಯಲಬುರ್ಗಾದ ಶಾಲೆಯೊಂದರ ಸಾಲಿ ಮಾಸ್ತರು. ಅವರು ಕತ್ತಿಯನ್ನು ಒರೆಗೆ ಸೇರಿಸಿ ಹೊರಟು ನಿಂತರು. ನಾನು ಹೇಳಿದೆ: "ಪ್ರಾಣೇಶ್ವರಾ, ಈ ಬಡವಿಯನ್ನು ಕೈಬಿಟ್ಟು ಎಲ್ಲಿಗೆ ಹೊರಟಿರಿ?"

ಸಭಾಂಗಣದ ತುಂಬ ನನ್ನ ದನಿ. ತರಗತಿಯಲ್ಲಿ ಕೂಡ ನಾನು ಅಷ್ಟು ಜೋರಾಗಿ ಮಾತಾಡಿದವಳಲ್ಲ. ಕಿವಿಯವರೆಗೆ ಬಿಸಿಯಾಯಿತು. ಇನ್ನು ಚಿಗವ್ವ ಅದನ್ನೇ ಹೇಳಬೇಕು, ಜನ ನಗಬೇಕು, ಮತ್ತೆ ನಾನು, ಮತ್ತೆ ಆಕೆ. ದೃಶ್ಯ ಇದ್ದದ್ದು ಹಾಗೆ.

ಚಿಗವ್ವ ಹೇಳಲಿಲ್ಲ. ಬಾಯಿ ಮುಚ್ಚಿ ನಿಂತಳು.

ಕರೆ ಕಡಿದುಹೋಯಿತೆಂದುಕೊಂಡು ನಾನು ಅದೇ ಸಾಲನ್ನು ಮತ್ತೆ ಹೇಳಿದೆ. ಅದೂ ಹೊರಗೆ ಹೋಯಿತು. ಯಾರೋ ನಕ್ಕರು. ಚಿಗವ್ವ ನಿಧಾನವಾಗಿ ಮುಖವನ್ನು ಸ್ಪೀಕರಿನ ಕಡೆ ತಿರುಗಿಸಿ, ದೂರದಲ್ಲಿ ಯಾರೋ ಕರೆದದ್ದನ್ನು ಆಲಿಸುವವಳಂತೆ ತಲೆ ವಾಲಿಸಿದಳು. ನಗು ನಿಂತಿತು. ನನಗೆ ಬೇರೆ ದಾರಿ ತೋಚಲಿಲ್ಲ. ಮುಂದಿನ ಸಾಲು ಹೇಳಿದೆ, ಅದರ ಮುಂದಿನದನ್ನೂ ಹೇಳಿದೆ. ಸಾಲಿ ಮಾಸ್ತರು ಪಾಪ, ಚಿಗವ್ವನನ್ನು ನೋಡುವುದೋ ಸ್ಪೀಕರನ್ನು ನೋಡುವುದೋ ತಿಳಿಯದೆ ಎರಡರ ನಡುವಿನ ಗಾಳಿಗೆ ಉತ್ತರ ಕೊಟ್ಟರು. ಇಡೀ ದೃಶ್ಯ ಹಾಗೇ ಮುಗಿಯಿತು. ನಿರ್ದೇಶಕ ಗುಂಡಿ ಇಳಿಸಿದ. ಮುಂದಿನ ದೃಶ್ಯದ ಮೊದಲ ಮಾತು ನಾನು ಪಿಸುಗುಟ್ಟಿದ ಕೂಡಲೇ ಚಿಗವ್ವನ ಬಾಯಿಂದ ಬಂತು, ಏನೂ ಆಗಿಲ್ಲವೆಂಬಂತೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೌನದ ದೃಶ್ಯವನ್ನೇ ಎಲ್ಲರೂ ಹೊಗಳಿದರು.

ಯಾಕೆ ಹಾಗೆ ಮಾಡಿದಿರಿ ಎಂದು ನಿರ್ದೇಶಕ ಕೇಳಿದ್ದಕ್ಕೆ, "ಕಿವ್ಯಾಗಿಂದು ಬಂದ್ ಬಿದ್ದಿತ್ರಿ ಸರ, ಒಂದೂ ಕೇಳಲಿಲ್ಲ" ಎಂದಳು. ಸಾಲಿ ಮಾಸ್ತರಿಗೆ, "ನಿಮ್ಮ ಮೀಸಿ ನೋಡಿ ಮಾತ ಮರತೆ ನೋಡ್ರಿ" ಎಂದಳು. ನಾನು ಫೋನು ನೋಡಿದೆ. ಕರೆ ಮೊದಲಿನಿಂದ ಕೊನೆಯ ತನಕ ಒಮ್ಮೆಯೂ ಕಡಿದುಹೋಗಿರಲಿಲ್ಲ. ಗಂಗಾವತಿಗೆ ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಗೆ ತಲೆಯಾನಿಸಿ ಮಲಗಿದ್ದಳು. ನಾನೇನೂ ಕೇಳಲಿಲ್ಲ. ಆಕೆಗೆ ನೋವಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅದಕ್ಕೇ ಕುಷ್ಟಗಿಯ ಪ್ರದರ್ಶನಕ್ಕೆ ಮಿಕ್ಸರನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಆ ದೃಶ್ಯ ಬಂದಾಗ ಗುಂಡಿಯನ್ನು ಮುಟ್ಟಲಿಲ್ಲ. ಆಕೆಯ ಕಿವಿಗಷ್ಟೇ ಹೇಳಿದೆ: "ಪ್ರಾಣೇಶ್ವರಾ..."

ಚಿಗವ್ವ ಸುಮ್ಮನೆ ನಿಂತಿದ್ದಳು. ಈಗ ಹೊರಗೆ ನನ್ನ ದನಿಯೂ ಇಲ್ಲ. ಮತ್ತೆ ಹೇಳಿದೆ. ಸುಮ್ಮನೆ. ಜನರಲ್ಲಿ ಒಬ್ಬ ಪಕ್ಕದವನಿಗೆ, "ಏ, ಮರತಾಳೇನಲೇ ಆಕಿ?" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿತು. ಆಗ ಆಕೆ, ಎಂದೂ ಮಾಡದ ಕೆಲಸ, ನೇರವಾಗಿ ಪರದೆಯ ಕಡೆ, ನಾನಿದ್ದ ಕಡೆ ನೋಡಿದಳು. ಕೋಪವಿರಲಿಲ್ಲ. ಕಾಯುತ್ತಿದ್ದಳು. ನಾನು ಗುಂಡಿ ಮೇಲೆ ತಳ್ಳಿ ಆ ಸಾಲನ್ನು ಮತ್ತೆ ಹೇಳಿದೆ. ಸಭೆಯ ತುಂಬ ನನ್ನ ದನಿ ಹರಡಿತು. ಚಿಗವ್ವ ಸ್ಪೀಕರಿನ ಕಡೆ ತಿರುಗಿ ತಲೆ ವಾಲಿಸಿದಳು.

ಬಣ್ಣ ತೆಗೆಯುವಾಗ ನನ್ನನ್ನು ಕರೆದಳು. ಗಲ್ಲದ ಮೇಲೆಲ್ಲ ಕೊಬ್ಬರಿ ಎಣ್ಣೆ. "ದನಿ ಯಾಕ ಬಿಡಲಿಲ್ಲ?"

"ನಿನಗ ಬ್ಯಾಡಾಗೈತಿ ಅನಕೊಂಡೆ ಚಿಗವ್ವ. ಹೊರಗ ಹೋಗಬಾರದು ಅಂತ ನೀನ ಅಂದಿದ್ದಿ."

"ಅಂದಿದ್ದೆ" ಎಂದಳು. ಸ್ವಲ್ಪ ಹೊತ್ತು ಎಣ್ಣೆ ಒರೆಸಿಕೊಂಡಳು. "ಆವತ್ತು ಆ ಊರಾಗ ಮಾಸ್ತರ ಒದರಿದ, ನಾ ಅಂದೆ. ಜನ ನಕ್ರು. ಮತ್ತ ಒದರಿದ, ಮತ್ತ ಅಂದೆ. ಅವ್ರು ನಕ್ಕಾಂಗ ನಕ್ಕಾಂಗ ಅನಕೋಂತ ಹೋದೆ, ಗಿಣಿ ಅಂದಂಗ. ಒಮ್ಮೆರ ಬಾಯಿ ಮುಚ್ಚಿ ನಿಂತಿದ್ರ..."

"ನಿಂತಿದ್ರ?"

"ಯಾರಿಗೆ ಗೊತ್ತು" ಎಂದು ನಕ್ಕಳು. "ಆ ಸೀರಿ ಮಡಚು, ಬಸ್ಸು ಹೋಗತೈತಿ."

ಅದು ನಿಜವಾದ ಕಾರಣ ಎಂದು ನಾನು ಆ ದಿನ ನಂಬಿದೆ. ಆದರೆ ನಿರ್ದೇಶಕನಿಗೆ ಒಂದು ಹೇಳಿದವಳು, ಸಾಲಿ ಮಾಸ್ತರಿಗೆ ಇನ್ನೊಂದು ಹೇಳಿದವಳು ನನಗೆ ಮೂರನೆಯದನ್ನು ಹೇಳಿರಬಹುದಲ್ಲ? ಅದು ಕೂಡ ನನಗೆ ಒಪ್ಪುವಂಥದ್ದನ್ನೇ ಆರಿಸಿ?

ಆಮೇಲೆ ನನ್ನ ಗೊಂದಲ ಹೆಚ್ಚೇ ಆಯಿತು. ಕುಷ್ಟಗಿಯ ನಾಟಕದ ಸುದ್ದಿ ತಿಳಿದು ನವಲಿಯಿಂದ ಇಬ್ಬರು ಬೈಕಿನ ಮೇಲೆ ಬಂದರು, ತಮ್ಮೂರ ನಾಟಕಕ್ಕೆ ನಾಯಕಿಯಾಗಿ ಬರಬೇಕೆಂದು ಕೇಳಲು. ಇದಕ್ಕಾಗಿಯೇ ಅಲ್ಲವೇ ಆಕೆ ಜರಿಯಂಚಿನ ಸೀರೆ ಉಟ್ಟು ಗೋದಾಮಿಗೆ ಬಂದದ್ದು? ನಾನೂ ಜೊತೆಗೆ ಬರುತ್ತೇನೆ, ಪರದೆಯ ಮರೆಯಲ್ಲಿ ಫೋನು ಹಿಡಿದು ಕೂರುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ನನಗೆ ಅಷ್ಟು ಉತ್ಸಾಹ ಬರುವುದು ಅಪರೂಪ. ಚಿಗವ್ವ ಅವರಿಗೆ ಚಹಾ ಕೊಟ್ಟು, ಮೈಗೆ ಆರಾಮಿಲ್ಲ ಎಂದು ಕಳಿಸಿಬಿಟ್ಟಳು. ನಾನು ಕೇಳಿದ್ದಕ್ಕೆ, "ಅಲ್ಲೆ ಸುಮ್ಮ ನಿಂದರಾಕ ಬಿಡತಾರೇನು?" ಎಂದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ನಾನು ನಕ್ಕೆ. ಆಕೆ ನಗಲಿಲ್ಲ.

ಮುಂದಿನ ಪ್ರದರ್ಶನ ಗಂಗಾವತಿಯಲ್ಲೇ ಎಂದಾಗಿತ್ತು. ಓಣಿಯವರೆಲ್ಲ ಬರಬೇಕು ಎಂದು ಆಕೆ ಮನೆಮನೆಗೆ ಹೇಳಿ ಬಂದಿದ್ದಳು. ನನ್ನ ಅವ್ವನಿಗೂ ಹೇಳಿದ್ದಳು. ಅವ್ವ ಬರುತ್ತೇನೆ ಎಂದಿದ್ದಳು. ಅಷ್ಟರಲ್ಲಿ ಚಿಗವ್ವ ನವಲಿಯವರಿಗೆ ಮೈಗೆ ಆರಾಮಿಲ್ಲ ಎಂದದ್ದು ನಿಜವಾಯಿತು. ಆಕೆಯ ಮಗಳು ಬಂದು ಹೊಸಪೇಟೆಗೆ ಕರೆದುಕೊಂಡು ಹೋದಳು. ಆಕೆ ಅಲ್ಲಿಂದ ಮರಳಲಿಲ್ಲ. ಮಣ್ಣು ಕೊಡಲು ನಾವೆಲ್ಲ ಹೋಗಿದ್ದೆವು. ಮಗಳು ಏನನ್ನೋ ಚೀಲದಲ್ಲಿ ಹಾಕಿ ನಿರ್ದೇಶಕನ ಕೈಗೆ ಕೊಟ್ಟದ್ದನ್ನು ನೋಡಿದ ನೆನಪು. ಅದು ಇದೇ ಇರಬೇಕು. ಕಿವಿಯಿಂದ ಜಾರುತ್ತದೆಂದು ಆಕೆ ನೂಲು ಸುತ್ತಿಕೊಂಡದ್ದು ನನಗೆ ಗೊತ್ತಿತ್ತು. ಪ್ರತಿ ಪ್ರದರ್ಶನಕ್ಕೂ ಹೊಸ ನೂಲು ಸುತ್ತುತ್ತಿದ್ದಳು. ಇದರ ಮೇಲೆ ಬಣ್ಣದ ಕಲೆಯಿದೆ. ಹಾಗಾದರೆ ಇದು ಕುಷ್ಟಗಿಯ ನೂಲು.

ಈಗ ಆ ನಾಟಕವನ್ನು ಮತ್ತೆ ಎತ್ತಿಕೊಂಡಿದ್ದೇವೆ. ಪೆಟ್ಟಿಗೆ ತೆರೆದದ್ದು ಅದಕ್ಕೇ. ಚಿಗವ್ವನ ಪಾತ್ರಕ್ಕೆ ಕೊಪ್ಪಳದ ಒಬ್ಬ ಹುಡುಗಿ ಬಂದಿದ್ದಾಳೆ. ಒಳ್ಳೆಯ ನಟಿ. ಎಲ್ಲ ಮಾತೂ ಬಾಯಿಪಾಠ, ಇಯರ್‌ಫೋನಿನ ಅಗತ್ಯವೇ ಇಲ್ಲ. ಆ ಒಂದು ದೃಶ್ಯದಲ್ಲಿ ಮಾತ್ರ ನಾನು ಮೈಕಿನಲ್ಲಿ ಹೇಳುತ್ತೇನೆ, ಆಕೆ ಸುಮ್ಮನೆ ನಿಲ್ಲುತ್ತಾಳೆ. ಅದು ಈಗ ಬರವಣಿಗೆಯಲ್ಲೇ ಸೇರಿದೆ: "ನಾಯಕಿ ಮೌನ."

ಮೊನ್ನೆ ತಾಲೀಮು ನಿಲ್ಲಿಸಿ ಆ ಹುಡುಗಿ ಪರದೆಯ ಹಿಂದೆ ಬಂದಳು. "ಅಕ್ಕಾರ, ಇಲ್ಲಿ ಆಕಿ ಯಾಕ ಸುಮ್ಮಾಗ್ತಾಳ? ಸಿಟ್ಟೋ, ನಾಚಿಕಿಯೋ, ಮರತಿರತಾಳೋ? ಅದು ಗೊತ್ತಾಗದ ನಾ ಹೆಂಗ ನಿಂದರಲಿ?"

ಸರಿಯಾದ ಪ್ರಶ್ನೆ. ಇಯರ್‌ಫೋನ್ ನನ್ನ ಕೈಯಲ್ಲೇ ಇತ್ತು. ಅದನ್ನು ನನ್ನ ಕಿವಿಗೆ ಇಟ್ಟು ನೋಡಿದೆ. ನೂಲು ಸುತ್ತಿ ದಪ್ಪವಾಗಿದ್ದ ಅದು ನನ್ನ ಕಿವಿಯೊಳಗೆ ಹೋಗಲಿಲ್ಲ. ನೂಲು ಬಿಚ್ಚಿದರೆ ಹೋದೀತು. ಬಿಚ್ಚಲಿಲ್ಲ.

"ನನಗೂ ಗೊತ್ತಿಲ್ಲವ್ವ" ಎಂದೆ. "ನಾ ಹೇಳ್ತೀನಿ, ನೀ ಕೇಳು."

ಹುಡುಗಿ ಹೋಗಿ ತನ್ನ ಜಾಗದಲ್ಲಿ ನಿಂತಳು. ನಾನು ಗುಂಡಿ ಮೇಲೆ ತಳ್ಳಿ ಆ ಸಾಲನ್ನು ಹೇಳಿದೆ. ಹೇಳಿ ಒಂದು ಉಸಿರಿನಷ್ಟು ಕಾದೆ, ಬಾವಿಗೆ ಬಿದ್ದ ಕಲ್ಲಿನ ಸದ್ದಿಗೆ ಕಾಯುವ ಹಾಗೆ. ಹುಡುಗಿ ಸುಮ್ಮನೆ ನಿಂತಿದ್ದಳು, ಬರೆದಿದ್ದ ಹಾಗೆಯೇ. ಚಿಗವ್ವ ಸುಮ್ಮನೆ ನಿಂತಾಗ ಅಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುವುದು ನನಗೆ ಗೊತ್ತಾಗುತ್ತಿತ್ತು...

ಮುಂದಿನ ಸಾಲು ಹೇಳಿದೆ.